ಸಿಹಿ ಗೊತ್ತಾಯಿತೇ

ಮಾಸ್ಕು ಮುಖಕ್ಕೆ ಒಗ್ಗಿದೆಯೋ ಇಲ್ಲವೋ
ನೋಡುವ ಬಗೆ ಇಷ್ಟೇ:
ತಲೆಗೊಂದು ಬಿಳಿಯ ಕುಲಾವಿ,
ಕಣ್ಣೆದುರು ಗಾಜಿನಂಥ ಕಿಟಕಿ, ಅದರಲ್ಲೊಂದು ತೂತು.
ತೂತಿನಿಂದ ಸ್ಯಾಕರಿನ್ ನೀರು ಸಿಂಪಡಿಸಿ
ಕೇಳುತ್ತೇನೆ: ಸಿಹಿ ಗೊತ್ತಾಯಿತೇ?
ಗೊತ್ತಾದರೆ ಫೇಲು.
ಎಲ್ಲೋ ಸಂದಿಯಿದೆ.
ಸಿಹಿ ನುಗ್ಗಿದ ಕಡೆ ಇನ್ನೇನು ಬೇಕಾದರೂ ನುಗ್ಗೀತು.

ಮಾರ್ಕೆಟ್ಟಿನ ಗದ್ದಲ ಗೋಡೆಗೊರಗಿ ನಿಂತಿರುವ
ನಮ್ಮ ಆಸ್ಪತ್ರೆಯ ಹಳೇ ಲಿನನ್ ರೂಮು.
ಬುಧವಾರ. ಮೇಲಿನಿಂದ ಸುತ್ತೋಲೆ ಬಂದಿದೆ,
ಸನ್ನದ್ಧತೆಯ ವರದಿ ಶುಕ್ರವಾರದೊಳಗೆ.
ಯಾವ ರೋಗಕ್ಕೆ ಅಂತ ಬರೆದಿಲ್ಲ.
ಹೆಸರು ಹೇಳದ ನೆಂಟನಿಗೆ
ಹಾಸಿಗೆ ಹಾಸಿಡಬೇಕು.

ಕುಲಾವಿಯೊಳಗೆ ಒಂದು ನಿಮಿಷ ಮಾತಾಡುತ್ತಿರಬೇಕು, ಅದು ನಿಯಮ.
ಓದಲೆಂದು ಇಂಗ್ಲಿಷಿನ ಪ್ಯಾರಾ ಕೊಟ್ಟಿದ್ದಾರೆ.
ನಾನದನ್ನು ಬದಿಗಿಟ್ಟು
ನಿಮ್ಮ ಮನೆ ಕಡೆಯ ಬಸ್ ಸ್ಟಾಪು ಹೇಳುತ್ತಾ ಹೋಗಿ ಅಂತೀನಿ.

ಡಾಕ್ಟರ್ ತಬಸ್ಸುಮ್ ಫ್ರೇಜರ್ ಟೌನಿನವರೆಗೂ
ತಡವರಿಸದೆ ಹೋದರು. ಪಾಸು.
ಎಕ್ಸ್‌ರೇ ಹೇಮರೆಡ್ಡಿ ಯಶವಂತಪುರ ಮುಟ್ಟುವ ಮೊದಲೇ
"ಸಿಹಿ, ಸಿಸ್ಟರ್!" ಅಂತ ಕೂಗಿಬಿಟ್ಟ.
ಗಡ್ಡ. ತಿಮ್ಮಪ್ಪನ ಹರಕೆಯಂತೆ,
ಶ್ರಾವಣದವರೆಗೆ ಕತ್ತರಿ ಮುಟ್ಟಿಸುವಂತಿಲ್ಲ.
ಹೌಸ್‌ಸರ್ಜನ್ ಇಂಚರಾ ಬಸ್ಸೇ ಹತ್ತುವುದಿಲ್ಲ,
ಪೀಜಿಯಿಂದ ಇಲ್ಲಿಗೆ ದಾರಿಯಲ್ಲಿ ಸಿಗುವ ಅಂಗಡಿ ಹೇಳಿದಳು.
ಆ ವರ್ಷ ಅವಳು ಮೊಬೈಲಿನಲ್ಲಿ ಪಿಯುಸಿ ಓದುತ್ತಿದ್ದಳು.
"ಆಗ ಹೇಗಿತ್ತು ಸಿಸ್ಟರ್?"
ರೇನ್‌ಕೋಟು ಹಾಕ್ಕೊಂಡಿದ್ವಿ, ಅಂದೆ.
ಚಿಕ್ಕಪೇಟೆಯದು. ಹಳದಿ. ಏಪ್ರಿಲ್ ಬಿಸಿಲಲ್ಲಿ.
ನಕ್ಕಳು.
ನನಗೂ ನಗು ಬಂತು, ಇಷ್ಟು ವರ್ಷಕ್ಕೆ.

ಪಟ್ಟಿಯಲ್ಲಿ ನಲವತ್ತೊಂದು ಹೆಸರು.
ಮುನಿರತ್ನಮ್ಮನದಿಲ್ಲ. ಅವಳು ಗುತ್ತಿಗೆಯವಳು.
ಮಾಪಿನ ಕೋಲಿಗೆ ಗಲ್ಲ ಊರಿ
ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿದಳು.
"ನಂಗೂ ಹಾಕು ಸಿಸ್ಟ್ರೆ, ಆ ಟೋಪಿ."

ಮೊದಲು ಮಾಸ್ಕಿಲ್ಲದೆ ಸಿಂಪಡಿಸಬೇಕು,
ನಾಲಿಗೆಗೆ ಸಿಹಿ ತಿಳಿಯುತ್ತದೆ ಅಂತ ಖಾತ್ರಿಯಾಗಲು.
ಹತ್ತು ಸಲ ಒತ್ತಿದೆ. ಇಲ್ಲ ಅಂದಳು.
ಇಪ್ಪತ್ತು. ಇಲ್ಲ.
ಮೂವತ್ತಕ್ಕೆ ಕಿಟಕಿಯೇ ಮಂಜಾಯಿತು,
ಒಳಗೆ ಅವಳ ಮುಖ ಎಲ್ಲೋ ದೂರದಲ್ಲಿ.
"ಏನೂ ಇಲ್ಲಮ್ಮ. ಆ ವರ್ಷ ಹೋದ ರುಚಿ
ವಾಪಸ್ ಬರ್ಲೇ ಇಲ್ಲ.
ಉಪ್ಪು ಕೈಯಳತೆ. ಹುಳಿ ಮಗಳ ಮೋರೆ ನೋಡಿ ತಿಳ್ಕೊಂತೀನಿ.
ವಾಸ್ನೇನೂ ಇಲ್ಲ.
ಈ ಕೆಲ್ಸಕ್ಕೆ ಅದೊಂದು ಒಳ್ಳೇದೇ ಆಯ್ತು ಬಿಡು."

ಇಲ್ಲಿಗೆ ನಿಲ್ಲಿಸಬೇಕಿತ್ತು. ಅವಳು ಬಿಡಲಿಲ್ಲ.
ಮಾಸ್ಕು ಕಟ್ಟಿದೆ. ಸ್ಟಾಪು ಶುರುಮಾಡಿದಳು:
ಮಾರ್ಕೆಟ್ಟು. ಮಕ್ಕಳಕೂಟ. ಉಮಾ ಟಾಕೀಸು.
ಟಿ.ಆರ್. ಮಿಲ್ಲು

ಅಲ್ಲಿ ನಿಂತಳು.
ಅಲ್ಲಿ ನಾವೆಲ್ಲ ನಿಂತಿದ್ದೆವು,
ಆಂಬುಲೆನ್ಸುಗಳ ಸಾಲಲ್ಲಿ, ಟೋಕನ್ನು ಮುಷ್ಟಿಯಲ್ಲಿ,
ಹೊಗೆಯ ಕಡೆ ನೋಡಬಾರದೆಂದು ಚಪ್ಪಲಿ ನೋಡುತ್ತ.
ತಬಸ್ಸುಮ್ ಮೇಡಂ ಕೈಗಡಿಯಾರ ತಿರುಗಿಸಿಕೊಂಡರು.
ಹೇಮರೆಡ್ಡಿ ಗಡ್ಡ ಕೆರೆದ.
ಇಂಚರಾ ಒಬ್ಬಳೇ ಕೇಳಿದ್ದು: "ಮುಂದೆ?"
"ಮುಂದೆ ಆಜಾದನಗರ ಕಣವ್ವ. ಇಳಿಯೋದು."

ರಿಜಿಸ್ಟರಿನಲ್ಲಿ ಇರುವುದು ಎರಡೇ ಕಲಂ.
ಸಿಹಿ ಗೊತ್ತಾಗಲಿಲ್ಲ, ಹಾಗಾಗಿ ಪಾಸು.
ಸಿಹಿಯೇ ಗೊತ್ತಾಗದವಳು, ಹಾಗಾಗಿ
ಪೆನ್ನು ಕೆಳಗಿಟ್ಟು ಮಾಸ್ಕಿನ ಅಂಚಿಗೆ ಬೆರಳು ಹಿಡಿದೆ.
ಎಡಗೆನ್ನೆಯ ಹತ್ತಿರ, ಹಲ್ಲು ಬಿದ್ದು ಗುಳಿಯಾದಲ್ಲಿ,
ಬಿಸಿಯುಸಿರು ತಾಕಿತು.

ಪಟ್ಟಿ ಬಿಗಿದೆ. ಮತ್ತೆ ತಾಕಿತು.
ಸಣ್ಣ ಸೈಜಿನದು ಸ್ಟೋರಿನಲ್ಲಿಲ್ಲ, ಇಂಡೆಂಟು ಹಾಕಿ ಎಂಟು ತಿಂಗಳು.
ನಲವತ್ತೆರಡು ಎಂದು ಗೆರೆಯ ಕೆಳಗೆ ನಾನೇ ಬರೆದು
ಎರಡೂ ಕಲಂ ಖಾಲಿ ಬಿಟ್ಟೆ.
ಶುಕ್ರವಾರ ಕಳಿಸಿದ ವರದಿಯಲ್ಲಿ ಆ ಸಾಲು ಇರಲಿಲ್ಲ.
ಸನ್ನದ್ಧರು ಮೂವತ್ತಾರು, ಉಳಿದವರಿಗೆ ಮರುತರಬೇತಿ.

ಉಳಿದ ಸಿಹಿನೀರನ್ನು ಅಂದೇ ಸಿಂಕಿಗೆ ಸುರಿದಿದ್ದೆ.
ಬೆಳಿಗ್ಗೆ ನೋಡಿದರೆ ಒಂದು ಇರುವೆಯೂ ಮುತ್ತಿಲ್ಲ.
ನೆಲ ಆಗಲೇ ಒರೆಸಿ ಒದ್ದೆಯಿತ್ತು.
ಕಿಟಕಿಯ ಮೊಳೆಗೆ ಆ ಮಾಸ್ಕು,
ಸಡಿಲ ಪಟ್ಟಿಗೆ ಅವಳೇ ಹಾಕಿದ ಗಂಟು,
ಮೇಲೆ ನನ್ನದೇ ಪೆನ್ನಿನಲ್ಲಿ
ಒತ್ತಕ್ಷರ ಬಿಟ್ಟು ಬರೆದ ಹೆಸರು:
ಮುನಿರತನಮ.